ಪೆಟ್ಟಿಗೆಗೆ ಹಚ್ಚಿದ ಕುಂಕುಮ

ಮಗಳು ತೀರಿಕೊಂಡ ಸುದ್ದಿ ಬಂದದ್ದು ಏಕಾದಶಿಯ ದಿನ. ಅವಳು ಹೊರದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಅಳಿಯ ಅಲ್ಲಿಂದಲೇ ಫೋನಿನಲ್ಲಿ ಅಳುತ್ತಿದ್ದ.

"ಮಾವ, ಆಸ್ಪತ್ರೆ ಮೇಲೆ ಶೆಲ್ ಬಿತ್ತು. ಇಲ್ಲಿನ ಸೈನ್ಯದ್ದೇ. ನಮ್ಮ ಸರ್ಕಾರ ಇವರಿಗೆ ಮಾರಿದ್ದಂತೆ. ಚೂರಿನ ಮೇಲೆ ನಿಮ್ಮ ಕಾರ್ಖಾನೆ ಮುದ್ರೆ ಇದೆ."

ಆ ಮದ್ದುಗುಂಡಿನ ಕಾರ್ಖಾನೆಯಲ್ಲಿ ನನ್ನ ನಿವೃತ್ತಿಯ ವರ್ಷ, ಆಯುಧಪೂಜೆಯಂದು, ಆ ದೇಶಕ್ಕೆ ಹೊರಟ ಶೆಲ್ಲುಗಳ ಪೆಟ್ಟಿಗೆಗಳಿಗೆ ಕುಂಕುಮ ಹಚ್ಚಿದವನು ನಾನೇ.

"ಪರದೇಶಕ್ಕೆ ಹೋಗೋದಕ್ಕೂ ಕುಂಕುಮವೇ, ರಾಯರೇ?" ಎಂದು ಜೊತೆಯವರು ನಕ್ಕಿದ್ದರು.

"ಮಗಳನ್ನ ಕಳಿಸುವಾಗ ಹಚ್ಚೋಲ್ವೇನ್ರಯ್ಯಾ?" ಎಂದು ನಾನೂ ನಕ್ಕು, ಕಣ್ಣು ಮುಚ್ಚಿ ಕೈಮುಗಿದಿದ್ದೆ.

ಫೋನ್ ಇಟ್ಟು ದೇವರ ಮುಂದೆ ಕುಳಿತೆ.

"ಸ್ವಾಮೀ, ಒಂದು ಶೆಲ್ಲೂ ಹುಸಿಹೋಗದೆ ಎಲ್ಲವೂ ಸಿಡಿಯಲಿ ಎಂದು ಅಂದು ಬೇಡಿದೆ, ನೀನು ನಡೆಸಿಕೊಟ್ಟೆ. ನನ್ನ ಮಗಳಿಗೆ ಶಾಂತಿ ಕೊಡು. ಇದನ್ನೂ ನಡೆಸಿಕೊಡು."