ಜೋಡಿ ಡಿಸ್ಕು

ಗಂಡ ಹಳೆಯ ಸರ್ವರೊಂದನ್ನು ಅಗ್ಗಕ್ಕೆ ತಂದು, ಅಡುಗೆಮನೆ, ನಡುಮನೆಯ ಹೊಸ ಕ್ಯಾಮೆರಾಗಳನ್ನು ಅದಕ್ಕೆ ಜೋಡಿಸಿದ. ಅವನು ಹಾರ್ಡ್ ಡಿಸ್ಕುಗಳನ್ನು ಖಾನೆಗೆ ತಳ್ಳುವಾಗ ಅವಳು ಟಾರ್ಚ್ ಹಿಡಿದಿದ್ದಳು.

“ಇನ್ಮೇಲೆ ಆಫೀಸಲ್ಲಿದ್ರೂ ಗೊತ್ತಾಗತ್ತೆ, ನೀನು ಯಾರ ಹತ್ರ ಹಲ್ಲು ಕಿರೀತೀಯ ಅಂತ.”

“ಎರಡು ಡಿಸ್ಕು ಯಾಕ್ರೀ?”

“ಎರಡರಲ್ಲೂ ಒಂದೇ ರೆಕಾರ್ಡ್ ಆಗತ್ತೆ ಕಣೇ, ದಡ್ಡಿ. ಒಂದನ್ನ ಕಿತ್ತುಹಾಕಿದ್ರೂ ಇನ್ನೊಂದರಲ್ಲಿ ಎಲ್ಲಾ ಇರತ್ತೆ. ನಿನ್ನ ಆಟ ನಡೆಯಲ್ಲ.”

ಅಂದಿನಿಂದ ಫೋನು ಬಡಿದುಕೊಂಡರೂ ಅವಳು ಎತ್ತಲಿಲ್ಲ. ನೆರೆಯವರು ಕರೆದರೂ ಕಿಟಕಿಗೆ ಬರಲಿಲ್ಲ.

ಒಂದು ಬೆಳಿಗ್ಗೆ ಮಹಿಳಾ ಠಾಣೆಯ ಇನ್‌ಸ್ಪೆಕ್ಟರ್ ಅವಳ ಊದಿದ ಕೆನ್ನೆಯನ್ನೇ ನೋಡುತ್ತ ಕೇಳಿದರು: “ಗಂಡ ಹೊಡೆದಿದ್ದಕ್ಕೆ ಸಾಕ್ಷಿ ಏನಿದೆಯಮ್ಮ?”

ಟವೆಲಿನಲ್ಲಿ ಸುತ್ತಿ ತಂದಿದ್ದ ಡಿಸ್ಕನ್ನು ಅವಳು ಮೇಜಿನ ಮೇಲಿಟ್ಟಳು.

“ಅವರೇ ರೆಕಾರ್ಡ್ ಮಾಡಿದ್ದು, ಮೇಡಂ.”