ಹತ್ತೊಂಬತ್ತನೆಯ ಹುಂಜ

"ಈ ಸಲದ ಹುಂಜ ನನಗಿಂತ ಮುದಿಯಾಗಿದೆಯಲ್ಲೇ!" ಎಂದು ನಗುತ್ತಿದ್ದ ಮಿಷನ್ ಆಸ್ಪತ್ರೆಯ ಸನ್ಯಾಸಿನಿ ಡಾಕ್ಟರ್ ಸಿಸ್ಟರ್ ಪ್ರಾಕ್ಸೆಡಾ ಥಟ್ಟನೆ ನಗು ನಿಲ್ಲಿಸಿದರು. ನಮಸ್ಕರಿಸಲು ಮಂಡಿಯೂರಿದ ನಬುಕೀರಾ ಮತ್ತೆ ಏಳಲಾರದೆ ಉಸಿರಿಗಾಗಿ ಬಾಯಿ ಬಿಡುತ್ತಿದ್ದಳು. ಕಾಲು ಕಟ್ಟಿದ ಹುಂಜ ಕಂಕುಳಿಂದ ಜಾರಿ ಮೇಜಿನಡಿ ಬಿದ್ದಿತ್ತು. ಹತ್ತನೇ ವಯಸ್ಸಿನಲ್ಲಿ ಅವಳ ದವಡೆಗೆ ಕ್ಯಾನ್ಸರ್ ಗಡ್ಡೆಯಾದಾಗ ಕೆಂಪು ಔಷಧಿ ಏರಿಸಿ ಬದುಕಿಸಿದವರು ಈ ಸಿಸ್ಟರ್. ಅಂದಿನಿಂದ ಪ್ರತಿ ಈಸ್ಟರ್ ಮುಗಿದ ಸೋಮವಾರ ಅವಳ ಕಡೆಯಿಂದ ಒಂದು ಹುಂಜ, ಮಂಡಿಯೂರಿದ ಅವಳ ನೆತ್ತಿಯ ಮೇಲೆ ಆಶೀರ್ವಾದದ ಅವರ ಕೈ.

ಮಧ್ಯಾಹ್ನಕ್ಕೆ ಎದೆಯ ಸ್ಕ್ಯಾನ್ ಬಂತು. "ಹೃದಯ ಸೋತಿದೆ ಮಗಳೇ. ಮಾತ್ರೆ ಬರ್ಕೊಡ್ತೀನಿ. ಆ ಕೆಂಪು ಔಷಧಿ ಕೆಲವರಿಗೆ ವರ್ಷಗಳಾದ್ಮೇಲೆ ಹೀಗೆ ಮಾಡುತ್ತೆ."

"ನಿಮಗಿದು ಮೊದಲೇ ಗೊತ್ತಿತ್ತಾ ಸಿಸ್ಟರ್?"

"ಗೊತ್ತಿತ್ತು. ನೀನು ನಗ್ತಾ ಬರ್ತಿದ್ದೆ. ಸುಮ್ನೆ ಯಾಕೆ ಹೆದರಿಸೋದು ಅಂತ..."

"ಬಾಳೆಗೊನೆ ಹೊತ್ತು ಏರು ಹತ್ತೋಕಾಗಲ್ಲ ಅಂದ್ರೆ ಅತ್ತೆ ಸೋಂಬೇರಿ ಅಂದ್ರು. ನಾನೂ ಹೌದೇನೋ ಅನ್ಕೊಂಡೆ. ಹದಿನೆಂಟು ಹುಂಜ ತಗೊಂಡ್ರಲ್ಲ, ಒಂದ್ಸಲನಾದ್ರೂ ಎದೆ ತೋರಿಸ್ಕೋ ಅಂದ್ರಾ?"

ನಬುಕೀರಾ ಮಾತ್ರೆಯ ಚೀಟಿ ಎತ್ತಿಕೊಂಡಳು. ಹುಂಜವನ್ನು ಅಲ್ಲೇ ಬಿಟ್ಟಳು. ದೇವರ ಹೆಸರಲ್ಲಿ ತಂದದ್ದನ್ನು ಮರಳಿ ಒಯ್ಯುವಂತಿಲ್ಲ. ಹೊರಡುವಾಗಲೂ ಹಿರಿಯರೆದುರು ಮಂಡಿಯೂರುವುದು ಈ ಬುಗಾಂಡ ನಾಡಿನ ಹೆಣ್ಣುಮಕ್ಕಳ ರೂಢಿ. ಅವಳ ಮೊಣಕಾಲುಗಳು ತಾವಾಗಿಯೇ ಅರ್ಧ ಬಾಗಿದವು. ಆದರೆ ಅವಳು ಮೇಜು ಹಿಡಿದು ನೆಟ್ಟಗಾದಳು.

"ಬರ್ತೀನಿ ಸಿಸ್ಟರ್," ಎಂದು ನಿಂತೇ ಹೇಳಿದಳು. ಮಂಡಿಯೂರಿದವಳ ನೆತ್ತಿಯ ಎತ್ತರಕ್ಕೆ ಚಾಚಿದ್ದ ಆ ಮುದಿ ಕೈ ಗಾಳಿಯಲ್ಲೇ ಉಳಿಯಿತು.