ಮಾವ ತಲೆಯಾಡಿಸಿದ್ದು

"ಬಾಕ್ಸಿಗೆ ಮುನ್ನೂರೈವತ್ತು!" ಎಂದ ವ್ಯಾಪಾರಿ ಕದಿರೇಶ್, ಟೊಮೆಟೊ ಹರಾಜು ಕೂಗುತ್ತಿದ್ದ ಅರ್ಪಿತಳ ಕಡೆ ನೋಡಲೇ ಇಲ್ಲ. ಅವಳ ಹಿಂದೆ ಕೂತಿದ್ದ ಮಾವ ಸುಬ್ಬರಾಯಪ್ಪನವರನ್ನು ನೋಡಿದ. "ಏಂ ಅಣ್ಣಾ?"

ಸುಬ್ಬರಾಯಪ್ಪನವರ ತಲೆ ಆಡಿತು. ಕೋಲಾರದ ಮಾರ್ಕೆಟ್ಟಿನಲ್ಲಿ ಅವರೇ ಕಟ್ಟಿ ಬೆಳೆಸಿದ ಮಂಡಿ ಅದು. ಆ ತಲೆ ಆಡಿದರೆ ಮಾಲು ಹೋಯಿತೆಂದೇ ಲೆಕ್ಕ. ಇನ್ನು ಮಂಡಿ ಸೊಸೆಯದು ಎಂದು ಹೋದ ವಾರ ಊರಿಗೆಲ್ಲ ಹೇಳಿದ್ದರು. ತಲೆಗೆ ಹೇಳುವುದೊಂದು ಮರೆತಿದ್ದರು, ಅಷ್ಟೇ.

ಕದಿರೇಶನ ಆಳುಗಳು ಬಾಕ್ಸುಗಳಿಗೆ ಕೈ ಹಾಕಿದರು. ವಕ್ಕಲೇರಿಯಿಂದ ಆ ಹಣ್ಣು ತಂದಿದ್ದ ಭಾರತಮ್ಮನ ಮುಖ ಬಾಡಿತು. ಪಕ್ಕದ ಮಂಡಿಯಲ್ಲಿ ಈಗಷ್ಟೇ ನಾನೂರು ಕೂಗಿದ್ದು ಅವಳ ಕಿವಿಗೂ ಬಿದ್ದಿತ್ತು. ಆದರೆ ಸುಬ್ಬರಾಯಪ್ಪನವರಿಗೆ ಎದುರಾಡುವುದು ಹೇಗೆ?

"ಕೆಳಗಿಡ್ರಪ್ಪಾ. ನಾನಿನ್ನೂ ಕೊಟ್ಟಿಲ್ಲ" ಎಂದಳು ಅರ್ಪಿತ.

"ಅಣ್ಣ ತಲೆ ಆಡಿಸಿದ್ರಲ್ಲಮ್ಮಾ!" ಎಂದ ಕದಿರೇಶ್.

"ಹರಾಜು ಕೂಗ್ತಿರೋಳು ನಾನು. ಮುನ್ನೂರೈವತ್ತು ಒಂದ್ಸಾರಿ! ಮೇಲೆ ಯಾರಿದ್ದೀರಾ?"

ಸುಬ್ಬರಾಯಪ್ಪನವರ ಮಾತು ತಿರುಗಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅದೂ ಮನೆಯ ಸೊಸೆಯಿಂದ, ನಾಲ್ಕು ಜನರ ಮುಂದೆ! ಅರ್ಪಿತ ಬಾಕ್ಸಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಹಾಗೆ ನಿಲ್ಲಲು ಎಂಟೆದೆ ಬೇಕು.

"ಏನಣ್ಣಾ, ನಿಮ್ಮ ಮಾತಿಗೆ ಇಲ್ಲಿ ಬೆಲೆಯೇ ಇಲ್ವಾ?" ಕದಿರೇಶ್ ಕೆಣಕಿದ.

ಸುಬ್ಬರಾಯಪ್ಪನವರು ಮೆಲ್ಲಗೆ ಎದ್ದರು. ಮುಖ ಕೆಂಪಾಗಿತ್ತು. ಇನ್ನೇನು ಸೊಸೆಗೆ ಮಂಗಳಾರತಿ ಆಯಿತೆಂದು ಭಾರತಮ್ಮ ತಲೆ ತಗ್ಗಿಸಿದಳು.

"ತಪ್ಪು ನಂದೇ ಕಣಯ್ಯಾ" ಎಂದರು ಅವರು. "ಬೇರೆಯವರ ಮಂಡೀಲಿ ಕೂತು ತಲೆ ಆಡಿಸಿಬಿಟ್ಟೆ."

ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಎದುರಿನ ಟೀ ಅಂಗಡಿಗೆ ನಡೆದೇಬಿಟ್ಟರು. ದೊಡ್ಡ ಮನುಷ್ಯ!

ಹರಾಜು ಮತ್ತೆ ಏರಿತು. ಮುನ್ನೂರೆಂಬತ್ತು ಎಂದ ಒಬ್ಬ. ಬಿಡಲಾರದೆ ಕದಿರೇಶ್ "ನಾನೂರ ಹತ್ತು!" ಎಂದು ಕೂಗಿ, ಅಭ್ಯಾಸಬಲ ನೋಡಿ, ಟೀ ಅಂಗಡಿಯ ಕಡೆಗೇ ತಿರುಗಿದ.

"ಇಲ್ಲಿ ನೋಡಣ್ಣಾ, ಕೊಟ್ಟೆ!" ಎಂದಳು ಅರ್ಪಿತ.

ಸುಬ್ಬರಾಯಪ್ಪನವರು ಮಂಡಿಗೆ ಬೆನ್ನು ಹಾಕಿ ಕೂತಿದ್ದರು. ಮುಂದಿದ್ದ ಟೀ ಆರುತ್ತಿತ್ತು. ಎರಡೂ ಕೈಯಿಂದ ಗದ್ದವನ್ನು ಭದ್ರವಾಗಿ ಹಿಡಿದುಕೊಂಡಿದ್ದರು.